ನಾಗರಹೊಳೆ ಕಾಡಿನ ಹಕ್ಕಿಗಳು ಮತ್ತು ಅವುಗಳ ಆವಾಸ ಸಂರಕ್ಷಣೆ

ನಾಗರಹೊಳೆ ಕಾಡು ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿಯೂ ಕೊಡಗು ಜಿಲ್ಲೆಯಲ್ಲಿಯೂ ಹರಡಿಕೊಂಡಿರುವ ಅರಣ್ಯ ಪ್ರದೇಶ. ಹುಣಸೂರು ತಾಲ್ಲೂಕಿನ ಹನಗೋಡು ಹೋಬಳಿಯು ಇದರ ಪೂರ್ವದ ಅಂಚಿಗೆ ಹೊಂದಿಕೊಂಡಿದ್ದು, ಕಾಡನ್ನು ಪ್ರವೇಶಿಸುವ ವೀರನಹೊಸಹಳ್ಳಿ ದ್ವಾರ ಈ ಭಾಗದಲ್ಲಿದೆ. 1955ರಲ್ಲಿ ಅಭಯಾರಣ್ಯವಾಗಿ ಆರಂಭವಾದ ಈ ಪ್ರದೇಶ 1988ರಲ್ಲಿ ರಾಷ್ಟ್ರೀಯ ಉದ್ಯಾನವಾಗಿಯೂ 1999ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿಯೂ ಘೋಷಿತವಾಯಿತು. ಉದ್ಯಾನದ ವಿಸ್ತೀರ್ಣ ಸುಮಾರು 643 ಚದರ ಕಿಲೋಮೀಟರ್. ಹುಲಿ, ಆನೆ, ಕಾಟಿಗಳಿಗಾಗಿ ಹೆಸರಾದ ಈ ಕಾಡಿನಲ್ಲಿ 250ಕ್ಕೂ ಹೆಚ್ಚು ಪ್ರಭೇದದ ಹಕ್ಕಿಗಳು ದಾಖಲಾಗಿವೆ. ಬೇಟೆ ನಿಂತು ಗಡಿ ಭದ್ರವಾದರೆ ಜಿಂಕೆ, ಕಡವೆಗಳ ಸಂಖ್ಯೆ ಕ್ರಮೇಣ ಏರುತ್ತದೆ. ಹಕ್ಕಿಗಳ ವಿಷಯದಲ್ಲಿ ಅಷ್ಟೇ ಸಾಲದು. ಒಣಗಿ ನಿಂತ ಮರ, ಪೊಟರೆ, ಬಿದಿರು ಮೆಳೆ, ಹೊಳೆಯಂಚಿನ ನೆರಳು ಮುಂತಾದ ಕಾಡಿನ ಒಳರಚನೆ ಅವುಗಳ ಇರವನ್ನು ನಿರ್ಧರಿಸುತ್ತದೆ.

ಕಾಡಿನ ಸ್ವರೂಪ

ಪಶ್ಚಿಮದಲ್ಲಿ, ಕೊಡಗಿನ ಕಡೆಗೆ, ಮಳೆ ಹೆಚ್ಚು; ಅಲ್ಲಿ ತೇವಭರಿತ ಎಲೆಯುದುರುವ ಕಾಡಿದೆ. ಪೂರ್ವಕ್ಕೆ ಸಾಗಿದಂತೆ ಮಳೆ ಕಡಿಮೆಯಾಗಿ ಕಾಡು ಒಣ ಸ್ವರೂಪ ಪಡೆಯುತ್ತದೆ. ಮತ್ತಿ, ಹೊನ್ನೆ, ಬೀಟೆ, ನಂದಿ, ದಿಂಡಿಗ, ತೇಗ ಇಲ್ಲಿನ ಮುಖ್ಯ ಮರಗಳು. ನಡುನಡುವೆ ತಗ್ಗಿನಲ್ಲಿ ಹುಲ್ಲು ಬೆಳೆದ ಜವುಗು ಬಯಲುಗಳಿದ್ದು, ಇವನ್ನು ಸ್ಥಳೀಯವಾಗಿ ‘ಹಡ್ಲು’ ಎನ್ನುತ್ತಾರೆ. ಬ್ರಹ್ಮಗಿರಿಯ ಕಡೆಯಿಂದ ಬರುವ ಲಕ್ಷ್ಮಣತೀರ್ಥ ನದಿಗೆ ಹನಗೋಡಿನಲ್ಲಿ ಅಣೆಕಟ್ಟೆಯಿದೆ. ಮುಂದೆ ಅದು ಹುಣಸೂರಿನ ಮೂಲಕ ಹರಿದು ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ.

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬಹುತೇಕ ಮರಗಳು ಎಲೆ ಕಳೆದುಕೊಂಡಾಗ ಹೊಳೆ, ಹಳ್ಳಗಳ ದಂಡೆಯ ಮರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಕೀಟಗಳನ್ನು ತಿನ್ನುವ ಅನೇಕ ಹಕ್ಕಿಗಳಿಗೆ ಆ ದಿನಗಳಲ್ಲಿ ಈ ಕಿರಿದಾದ ಪಟ್ಟಿಗಳೇ ಆಸರೆ. ಅದೇ ಕಾಲದಲ್ಲಿ ಬೂರುಗ, ಮುತ್ತುಗ, ಹಾಲುವಾಣದ ಮರಗಳು ಎಲೆಯಿಲ್ಲದೆ ಹೂ ಬಿಡುತ್ತವೆ. ಮಕರಂದಕ್ಕಾಗಿ ಭೀಮರಾಜ, ಮೈನಾ, ಎಲೆಹಕ್ಕಿಗಳು ಅಲ್ಲಿ ಸೇರುತ್ತವೆ. ಹೀಗಾಗಿ ಒಂದೇ ಹಕ್ಕಿಗೆ ವರ್ಷದ ಬೇರೆ ಬೇರೆ ತಿಂಗಳಲ್ಲಿ ಕಾಡಿನ ಬೇರೆ ಬೇರೆ ಭಾಗಗಳು ಬೇಕಾಗುತ್ತವೆ. ಹಿಮಾಲಯದ ತಪ್ಪಲಿನಿಂದ ಚಳಿಗಾಲಕ್ಕೆ ಬರುವ ನವರಂಗ ಕಾಡಿನ ನೆಲದ ತರಗೆಲೆಯನ್ನು ಕೆದಕಿ ಹುಳ ಹುಡುಕುತ್ತದೆ. ಆ ತರಗೆಲೆ ಸುಟ್ಟುಹೋದ ಜಾಗ ಅದಕ್ಕೆ ಉಪಯೋಗವಿಲ್ಲ.

ಒಣಮರ ಮತ್ತು ಪೊಟರೆ

ಪೊಟರೆಯಲ್ಲಿ ಗೂಡು ಮಾಡುವ ಹಕ್ಕಿಗಳನ್ನು ಎರಡು ಬಗೆಯಾಗಿ ನೋಡಬಹುದು. ಮರಕುಟಿಗ ಮತ್ತು ಕುಟ್ರುಹಕ್ಕಿಗಳು ತಾವೇ ಮರ ಕೊರೆಯುತ್ತವೆ. ಗಿಳಿ, ಮೈನಾ, ಚಂದ್ರಮುಕುಟ, ನೀಲಕಂಠ ಮತ್ತು ಹಲವು ಗೂಬೆಗಳಿಗೆ ಕೊರೆಯುವ ಶಕ್ತಿಯಿಲ್ಲ. ಇವು ಮರಕುಟಿಗಗಳು ಬಿಟ್ಟುಹೋದ ರಂಧ್ರಗಳನ್ನೋ ಕೊಂಬೆ ಮುರಿದು ಕೊಳೆತು ಉಂಟಾದ ಪೊಟರೆಗಳನ್ನೋ ಅವಲಂಬಿಸುತ್ತವೆ. ಆದ್ದರಿಂದ ಮರಕುಟಿಗಗಳು ಕಡಿಮೆಯಾದರೆ ಅವುಗಳೊಂದಿಗೆ ಇನ್ನೂ ಅನೇಕ ಹಕ್ಕಿಗಳ ಸಂತಾನಕ್ಕೆ ಜಾಗವಿಲ್ಲದಾಗುತ್ತದೆ.

ಈ ಕಾಡಿನ ಅತಿ ದೊಡ್ಡ ಮರಕುಟಿಗವಾದ ಬಿಳಿಹೊಟ್ಟೆಯ ಕಪ್ಪು ಮರಕುಟಿಗವು ಸತ್ತ ಹಾಗೂ ಸಾಯುತ್ತಿರುವ ದೊಡ್ಡ ಮರಗಳನ್ನು ಕುಕ್ಕಿ ಒಳಗಿನ ಇರುವೆ ಮತ್ತು ಮರಿಹುಳುಗಳನ್ನು ತಿನ್ನುತ್ತದೆ. ಕಂದು ಮರಕುಟಿಗದ ರೀತಿ ಇನ್ನೂ ವಿಚಿತ್ರ: ಮರದ ಮೇಲೆ ಇರುವೆಗಳು ಕಟ್ಟಿದ ಗೂಡನ್ನೇ ಕೊರೆದು ಅದರೊಳಗೆ ಮೊಟ್ಟೆಯಿಡುತ್ತದೆ. ಪಶ್ಚಿಮಘಟ್ಟಗಳಿಗೆ ಮಾತ್ರ ಸೀಮಿತವಾದ ಮಲಬಾರ್ ಬೂದು ಮಂಗಟ್ಟೆಯ ಹೆಣ್ಣು ಪೊಟರೆಯನ್ನು ಹೊಕ್ಕು ಸಣ್ಣ ಸೀಳೊಂದನ್ನು ಬಿಟ್ಟು ಬಾಯನ್ನು ಮುಚ್ಚಿಕೊಳ್ಳುತ್ತದೆ. ಮರಿಗಳು ಬೆಳೆಯುವವರೆಗೆ ಗಂಡು ಅತ್ತಿ, ಆಲದ ಜಾತಿಯ ಹಣ್ಣುಗಳನ್ನೂ ಕೀಟಗಳನ್ನೂ ತಂದು ಆ ಸೀಳಿನ ಮೂಲಕ ಉಣಿಸುತ್ತದೆ. ಇಷ್ಟು ದೊಡ್ಡ ಪೊಟರೆ ಎಳೆಯ ಮರದಲ್ಲಿ ಆಗುವುದಿಲ್ಲ. ಅದಕ್ಕೆ ಹಲವು ದಶಕ ಕಂಡ ಮರವೇ ಬೇಕು. ಜಾಗತಿಕ ಕೆಂಪು ಪಟ್ಟಿಯಲ್ಲಿ ಈ ಮಂಗಟ್ಟೆಯನ್ನು ಅಪಾಯಕ್ಕೆ ಈಡಾಗಬಹುದಾದ ಪ್ರಭೇದವೆಂದು ಗುರುತಿಸಲಾಗಿದೆ.

ಹಳೆಯ ಅರಣ್ಯ ನಿರ್ವಹಣೆಯಲ್ಲಿ ಒಣಮರವೆಂದರೆ ವ್ಯರ್ಥವಾಗುತ್ತಿರುವ ನಾಟಾ ಎಂಬ ಭಾವನೆಯಿತ್ತು. ಗೋದವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2000ನೇ ಇಸವಿಯ ಫೆಬ್ರವರಿಯಲ್ಲಿ ನೀಡಿದ ಆದೇಶವು ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳಿಂದ ಸತ್ತ, ರೋಗಗ್ರಸ್ತ ಅಥವಾ ಗಾಳಿಗೆ ಬಿದ್ದ ಮರಗಳನ್ನು ತೆಗೆಯದಂತೆ ತಡೆಯಿತು. ಹಕ್ಕಿಗಳ ಹೆಸರು ಹೆಚ್ಚಾಗಿ ಪ್ರಸ್ತಾಪವಾಗದ ಈ ಆದೇಶ ಪೊಟರೆವಾಸಿ ಹಕ್ಕಿಗಳಿಗೆ ದೊರೆತ ಬಹು ದೊಡ್ಡ ರಕ್ಷಣೆಗಳಲ್ಲಿ ಒಂದು.

ತೇಗದ ನೆಡುತೋಪುಗಳು

ನಾಗರಹೊಳೆಯ ಒಳಗೆ ಬ್ರಿಟಿಷರ ಕಾಲದಿಂದ ಬೆಳೆಸಿದ ತೇಗದ ನೆಡುತೋಪುಗಳಿವೆ. ಸಹಜ ಕಾಡಿನಲ್ಲಿಯೂ ತೇಗ ಇರುತ್ತದೆಯಾದರೂ ಒಂದೇ ವಯಸ್ಸಿನ, ಒಂದೇ ಜಾತಿಯ ಮರಗಳ ಸಾಲಿನಲ್ಲಿ ಹಣ್ಣಿನ ಮರಗಳೂ ಪೊಟರೆಗಳೂ ವಿರಳ. ಹಣ್ಣು ತಿನ್ನುವ ಹಕ್ಕಿಗಳು ಅಲ್ಲಿ ನಿಲ್ಲುವುದು ಕಡಿಮೆ. ಹಾಗೆಂದು ತೇಗದ ತೋಪು ಹಕ್ಕಿಗಳಿಗೆ ಪೂರ್ಣ ನಿರುಪಯುಕ್ತವೂ ಅಲ್ಲ. ಮುಂಗಾರಿನ ಆರಂಭದಲ್ಲಿ ಚಿಗುರೆಲೆಯ ಮೇಲೆ ಕಂಬಳಿಹುಳುಗಳು ಮುತ್ತಿದಾಗ ಹಕ್ಕಿಗಳ ಹಿಂಡು ಅಲ್ಲಿಗೆ ಬರುತ್ತದೆ.

ಲಂಟಾನ ಮತ್ತು ಬೆಂಕಿ

ಅಲಂಕಾರದ ಗಿಡವಾಗಿ 19ನೇ ಶತಮಾನದಲ್ಲಿ ಭಾರತಕ್ಕೆ ಬಂದ ಅಮೆರಿಕ ಮೂಲದ ಲಂಟಾನ ಇಂದು ದಕ್ಷಿಣ ಕರ್ನಾಟಕದ ಕಾಡುಗಳ ನೆಲವನ್ನು ಆವರಿಸಿದೆ. ಇದರ ಹಣ್ಣನ್ನು ತಿಂದು ಬೀಜ ಹರಡುವವರಲ್ಲಿ ಪಿಕಳಾರದಂತಹ ಹಕ್ಕಿಗಳೇ ಮುಂದು. ಆದರೆ ಹರಡಿದ ಲಂಟಾನ ಬೇರೆ ಹಕ್ಕಿಗಳಿಗೆ ಹಾನಿ ಮಾಡುತ್ತದೆ. ನಾಗರಹೊಳೆಯ ಪೂರ್ವಕ್ಕಿರುವ ಮಲೆ ಮಹದೇಶ್ವರ ಬೆಟ್ಟದ ಮೀಸಲು ಅರಣ್ಯದಲ್ಲಿ ಎನ್.ಎ. ಅರವಿಂದ್ ಮತ್ತು ಸಂಗಡಿಗರು ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವು ಲಂಟಾನ ದಟ್ಟವಾದಂತೆ ಹಕ್ಕಿಗಳ ವೈವಿಧ್ಯ ಕುಗ್ಗುವುದನ್ನು ತೋರಿಸಿತು. ಮುಖ್ಯವಾಗಿ ಮರದ ನೆತ್ತಿಯಲ್ಲಿ ಕೀಟ ಹಿಡಿಯುವ ಹಕ್ಕಿಗಳು ಕಡಿಮೆಯಾಗಿದ್ದವು. ನೆಲದ ಪೊದೆಯೊಂದು ನೆತ್ತಿಯ ಹಕ್ಕಿಗೆ ತೊಂದರೆ ಕೊಡುವುದು ಮೊದಲ ನೋಟಕ್ಕೆ ಆಶ್ಚರ್ಯವೆನಿಸಬಹುದು. ಲಂಟಾನದ ಕೆಳಗೆ ಸಸಿಗಳು ಏಳದಿದ್ದರೆ ಸತ್ತ ಮರದ ಜಾಗಕ್ಕೆ ಹೊಸ ಮರ ಬರುವುದಿಲ್ಲ, ಮೇಲಿನ ಹೊದಿಕೆ ತೆಳುವಾಗುತ್ತದೆ.

ಬಿಳಿಗಿರಿರಂಗನ ಬೆಟ್ಟದಲ್ಲಿ ಭರತ್ ಸುಂದರಂ ಮತ್ತು ಅಂಕಿಲಾ ಹಿರೇಮಠ್ ಅವರು 1997 ಹಾಗೂ 2008ರ ಸಮೀಕ್ಷೆಗಳನ್ನು ಹೋಲಿಸಿ, ಲಂಟಾನ ಕಂಡುಬಂದ ತಾಕುಗಳ ಪ್ರಮಾಣ ಸುಮಾರು ಇಮ್ಮಡಿಯಾಗಿದೆ ಎಂದು ದಾಖಲಿಸಿದರು. ಅಲ್ಲಿನ ಸೋಲಿಗರ ಅಭಿಪ್ರಾಯವೂ ಸಂಶೋಧನೆಯಲ್ಲಿ ಸೇರಿದೆ: ಬೇಸಿಗೆಯ ಮೊದಲಲ್ಲಿ ತರಗೆಲೆಗೆ ಹಚ್ಚುತ್ತಿದ್ದ ಸಣ್ಣ ‘ತರಗು ಬೆಂಕಿ’ ನಿಂತದ್ದೇ ಲಂಟಾನ ಹಬ್ಬಲು ಒಂದು ಕಾರಣ ಎಂದು ಅವರು ಹೇಳುತ್ತಾರೆ. ಅರಣ್ಯ ಇಲಾಖೆಯ ನಿಲುವು ಬೆಂಕಿಯನ್ನು ಪೂರ್ಣವಾಗಿ ತಡೆಯುವುದು. ನಾಗರಹೊಳೆಯಲ್ಲಿ ಇದಕ್ಕಾಗಿ ಪ್ರತಿ ವರ್ಷ ಬೆಂಕಿರೇಖೆಗಳನ್ನು ತೆರೆಯಲಾಗುತ್ತದೆ, ಜೇನುಕುರುಬ ಮೊದಲಾದ ಬುಡಕಟ್ಟುಗಳ ಜನರು ಕಾವಲು ಕೆಲಸದಲ್ಲಿರುತ್ತಾರೆ. 2012ರ ಬೇಸಿಗೆಯಲ್ಲಿ ಇಲ್ಲಿ ವ್ಯಾಪಕ ಕಾಳ್ಗಿಚ್ಚು ಉಂಟಾಗಿತ್ತು. ಒಣಗಿದ ಬಿದಿರು ಮತ್ತು ಲಂಟಾನ ತುಂಬಿದ ಕಾಡಿನಲ್ಲಿ ಬೆಂಕಿ ನೆಲದಲ್ಲೇ ನಿಲ್ಲದೆ ಮರಕ್ಕೇರುತ್ತದೆ. ಆಗ ನೆಲದಲ್ಲಿ ಮೊಟ್ಟೆಯಿಡುವ ಕಾಡುಕೋಳಿಯಂತಹ ಹಕ್ಕಿಗಳಷ್ಟೇ ಅಲ್ಲದೆ ಪೊಟರೆಯ ಒಣಮರಗಳೂ ನಾಶವಾಗುತ್ತವೆ. ಆದ್ದರಿಂದ ಹಳೆಯ ಕಾಲದ ಸಣ್ಣ ಬೆಂಕಿಯನ್ನು ಇಂದಿನ ಕಾಡಿಗೆ ಹಾಗೆಯೇ ಮರಳಿಸುವುದು ಸುಲಭವಲ್ಲ.

ರಣಹದ್ದುಗಳು

ಬಿಳಿಬೆನ್ನಿನ ರಣಹದ್ದು ಮತ್ತು ಕೆಂಪುತಲೆಯ ರಣಹದ್ದು ನಾಗರಹೊಳೆ, ಬಂಡೀಪುರ ಹಾಗೂ ನೆರೆಯ ಮುದುಮಲೆ, ವಯನಾಡಿನ ಕಾಡುಗಳಲ್ಲಿ ಉಳಿದುಕೊಂಡಿವೆ. ಬಿಳಿಬೆನ್ನಿನ ರಣಹದ್ದು 1990ರ ದಶಕದ ಆರಂಭದಿಂದ ಹದಿನೈದು ವರ್ಷಗಳಲ್ಲಿ ದೇಶದಾದ್ಯಂತ ಶೇ. 99ಕ್ಕೂ ಹೆಚ್ಚು ಕುಸಿಯಿತು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ನೋವುನಿವಾರಕ ಇದಕ್ಕೆ ಕಾರಣ. ಸತ್ತ ದನದ ಮಾಂಸದಲ್ಲಿ ಉಳಿದ ಔಷಧ ಹಕ್ಕಿಯ ಮೂತ್ರಪಿಂಡವನ್ನು ಕೆಡಿಸುತ್ತದೆ. ಪಶುವೈದ್ಯಕೀಯದಲ್ಲಿ ಇದರ ಬಳಕೆಯನ್ನು 2006ರಲ್ಲಿ, ಕೀಟೊಪ್ರೊಫೆನ್ ಮತ್ತು ಅಸೆಕ್ಲೋಫೆನಾಕ್‌ಗಳ ಬಳಕೆಯನ್ನು 2023ರಲ್ಲಿ ನಿಷೇಧಿಸಲಾಯಿತು.

ಎಣಿಕೆಯ ವಿಧಾನಗಳು

ಹಳೆಯ ಮೈಸೂರು ಸಂಸ್ಥಾನದ ಹಕ್ಕಿಗಳನ್ನು ಸಲೀಂ ಅಲಿ ಸಮೀಕ್ಷೆ ಮಾಡಿ, ಅದರ ವರದಿಯನ್ನು 1940ರ ದಶಕದ ಆರಂಭದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಂದಿನ ಸಂಶೋಧಕರು ನಿಗದಿತ ದಾರಿಯಲ್ಲಿ ನಡೆದೋ, ಗೊತ್ತುಪಡಿಸಿದ ಬಿಂದುಗಳಲ್ಲಿ ಕೆಲವು ನಿಮಿಷ ನಿಂತೋ ಕಂಡ ಮತ್ತು ಕೇಳಿದ ಹಕ್ಕಿಗಳನ್ನು ಅವುಗಳ ದೂರದೊಂದಿಗೆ ಬರೆದುಕೊಳ್ಳುತ್ತಾರೆ. ಎಲೆಯುದುರುವ ಕಾಡಿನಲ್ಲಿ ಈ ದೂರದ ಲೆಕ್ಕಕ್ಕೆ ವಿಶೇಷ ಮಹತ್ವವಿದೆ. ಮಾರ್ಚಿನಲ್ಲಿ ಬೋಳು ಮರದಲ್ಲಿ ಎದ್ದು ಕಾಣುವ ಹಕ್ಕಿ ಆಗಸ್ಟಿನ ಹಸಿರಿನಲ್ಲಿ ಮರೆಯಾಗಿರುತ್ತದೆ. ಕಂಡ ಸಂಖ್ಯೆಯನ್ನು ಹಾಗೆಯೇ ಹೋಲಿಸಿದರೆ ಮಳೆಗಾಲದಲ್ಲಿ ಹಕ್ಕಿ ಕಡಿಮೆಯಾಯಿತೆಂಬ ತಪ್ಪು ತೀರ್ಮಾನ ಬರುತ್ತದೆ.

ಹವ್ಯಾಸಿಗಳ ದಾಖಲೆಗಳನ್ನು ಆಧರಿಸಿದ ‘ಭಾರತದ ಹಕ್ಕಿಗಳ ಸ್ಥಿತಿಗತಿ’ ವರದಿಯ 2023ರ ಆವೃತ್ತಿಯು 942 ಪ್ರಭೇದಗಳನ್ನು ಪರಿಶೀಲಿಸಿ 178ಕ್ಕೆ ಸಂರಕ್ಷಣೆಯಲ್ಲಿ ಹೆಚ್ಚಿನ ಆದ್ಯತೆ ಬೇಕೆಂದಿತು. ಕರ್ನಾಟಕದ ರಾಜ್ಯಪಕ್ಷಿ ನೀಲಕಂಠದ ಸಂಖ್ಯೆ ಇಳಿಮುಖವಾಗಿರುವುದನ್ನೂ ಅದು ತಿಳಿಸಿದೆ.

ಕಾಡಿನ ಹೊರಗಿನ ಮರಗಳು

ಹಕ್ಕಿಗಳು ಉದ್ಯಾನದ ಗಡಿಯಲ್ಲಿ ನಿಲ್ಲುವುದಿಲ್ಲ. ಪಶ್ಚಿಮಕ್ಕೆ ಕೊಡಗಿನ ಕಾಫಿ ತೋಟಗಳು ಮತ್ತು ದೇವರಕಾಡುಗಳಿವೆ. ಶೋನಿಲ್ ಭಾಗವತ್, ಸಿ.ಜಿ. ಕುಶಾಲಪ್ಪ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನವು ಕೊಡಗಿನ ಮೀಸಲು ಅರಣ್ಯ, ದೇವರಕಾಡು, ಕಾಫಿ ತೋಟಗಳನ್ನು ಒಂದೇ ಭೂದೃಶ್ಯವಾಗಿ ಕಂಡು ಮರ, ಹಕ್ಕಿ, ಅಣಬೆಗಳನ್ನು ಹೋಲಿಸಿತು. ಕೃತಿ ಕಾರಂತ ಮತ್ತು ಸಂಗಡಿಗರ 2016ರ ಅಧ್ಯಯನ ಕರ್ನಾಟಕದ ಕಾಫಿ, ಅಡಿಕೆ, ರಬ್ಬರ್ ತೋಟಗಳಲ್ಲಿ 200ಕ್ಕೂ ಹೆಚ್ಚು ಹಕ್ಕಿ ಪ್ರಭೇದಗಳನ್ನು ದಾಖಲಿಸಿತು. ಸ್ಥಳೀಯ ಮರಗಳ ನೆರಳಿನ ಬದಲು ಸಿಲ್ವರ್ ಓಕ್ ನೆಟ್ಟ ತೋಟದಲ್ಲಿ ಮಂಗಟ್ಟೆಗೆ ಹಣ್ಣೂ ಇಲ್ಲ, ಪೊಟರೆಯೂ ಇಲ್ಲ.

ಪೂರ್ವದ ಅಂಚಿನ ಸ್ಥಿತಿ ಬೇರೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರ ತಾಲ್ಲೂಕುಗಳು ವರ್ಜೀನಿಯಾ ಹೊಗೆಸೊಪ್ಪಿನ ಪ್ರದೇಶ. ಕೊಯ್ದ ಸೊಪ್ಪನ್ನು ಬ್ಯಾರನ್‌ಗಳಲ್ಲಿ ಬಿಸಿಗಾಳಿಯಿಂದ ಹದ ಮಾಡಲು ದಿನಗಟ್ಟಲೆ ಸೌದೆ ಉರಿಯಬೇಕು. ಈ ಬೇಡಿಕೆಯ ಹೊರೆ ಕಾಡಿನ ಮೇಲಷ್ಟೇ ಅಲ್ಲ, ಹೊಲದ ಬದುವಿನ ಮಾವು, ಹೊಂಗೆ, ನೇರಳೆ ಮರಗಳ ಮೇಲೂ ಬೀಳುತ್ತದೆ. ನೀಲಕಂಠ, ಹಾಲಕ್ಕಿ, ಮೈನಾಗಳು ಗೂಡು ಮಾಡುವುದು ಇಂತಹ ಮುದಿ ಮರಗಳಲ್ಲೇ. ಸೌದೆಗಾಗಿ ಬೇಗ ಬೆಳೆಯುವ ಮರಗಳನ್ನು ನೆಡುವುದು, ಉಷ್ಣ ಸೋರದಂತೆ ಬ್ಯಾರನ್‌ಗಳನ್ನು ಸುಧಾರಿಸುವುದು, ಕಾಫಿ ಹೊಟ್ಟು ಹಾಗೂ ತೆಂಗಿನ ಮಟ್ಟೆಯಂತಹ ಬದಲಿ ಇಂಧನ ಬಳಸುವುದು ಸೌದೆಯ ಬೇಡಿಕೆ ತಗ್ಗಿಸುವ ಮಾರ್ಗಗಳಾಗಿವೆ. ನೆಟ್ಟ ನೀಲಗಿರಿ, ಸರ್ವೆ ಮರಗಳು ಕೆಲವೇ ವರ್ಷಗಳಲ್ಲಿ ಸೌದೆಗೆ ಒದಗುತ್ತವೆ. ಪೊಟರೆಯಾಗುವಷ್ಟು ಕಾಲ ಅವು ನಿಲ್ಲುವುದಿಲ್ಲ.