ಸಂಖ್ಯೆಗಳ ಹೋಲಿಕೆ ಮತ್ತು ಕ್ರಮ: ಎರಡು ಭಾಷೆ ಕೇಳಿ ಬೆಳೆದ ಮಕ್ಕಳಿಗೆ

ಶಿರೋಳಿ, ಇಚಲಕರಂಜಿ, ಗಡಹಿಂಗ್ಲಜ ಪರಿಸರದ ಕನ್ನಡ ಮಗು ಸಂಖ್ಯೆಗಳನ್ನು ಎರಡು ಭಾಷೆಗಳಲ್ಲಿ ಕೇಳುತ್ತ ಬೆಳೆಯುತ್ತದೆ. ಮನೆಯಲ್ಲಿ ‘ಇಪ್ಪತ್ತೈದು’ ಎಂದದ್ದೇ ಸಂತೆಯಲ್ಲಿ ‘ಪಂಚವೀಸ’ ಆಗುತ್ತದೆ. ಇಪ್ಪತ್ತರ ನಂತರ ಕನ್ನಡದಲ್ಲಿ ದಶಕ ಮೊದಲು, ಏಕಕ ಅನಂತರ. ಮರಾಠಿಯಲ್ಲಿ ಏಕಕ ಮೊದಲು, ದಶಕ ಅನಂತರ. ಆದುದರಿಂದ ‘ಪಂಚವೀಸ’ವನ್ನು ಕೇಳಿದ ಕ್ರಮದಲ್ಲಿಯೇ 52 ಎಂದು ಬರೆಯುವ ಮಕ್ಕಳುಂಟು. ‘ಏಕೋಣತೀಸ’ದಲ್ಲಿ ಕಿವಿಗೆ ಬೀಳುವುದು ಮೂವತ್ತು, ಸಂಖ್ಯೆ ಮಾತ್ರ 29. ಕನ್ನಡದಲ್ಲಿಯೂ ‘ಹತ್ತೊಂಬತ್ತು’, ‘ತೊಂಬತ್ತು’ಗಳ ಧ್ವನಿಸಾಮ್ಯ ಮಗುವನ್ನು ತಡವರಿಸುವಂತೆ ಮಾಡಬಲ್ಲದು.

2019ರಲ್ಲಿ ಬಾಲಭಾರತಿಯ ಎರಡನೆಯ ಇಯತ್ತೆಯ ಮರಾಠಿ ಗಣಿತ ಪುಸ್ತಕವು ‘ವೀಸ ಪಾಚ’ ಎಂದು ದಶಕವನ್ನು ಮೊದಲು ಹೇಳುವ ರೀತಿಯನ್ನು ಪರಿಚಯಿಸಿದಾಗ ರಾಜ್ಯದಲ್ಲೆಲ್ಲ ಚರ್ಚೆ ನಡೆಯಿತು. ಕನ್ನಡ ಮಾಧ್ಯಮದ ಶಿಕ್ಷಕರಿಗೆ ಆ ಅನುಕೂಲ ಭಾಷೆಯಲ್ಲಿಯೇ ಇದೆ.

38 ಮತ್ತು 41ರಲ್ಲಿ ದೊಡ್ಡದು ಯಾವುದೆಂದರೆ, ಎಂಟನ್ನು ಕಂಡು 38 ಎನ್ನುವ ಮಗುವಿಗೆ ನಿಯಮವನ್ನು ಹೇಳುವ ಮೊದಲು ಕಡ್ಡಿಗಳನ್ನು ಕೊಡಬೇಕು. ಹತ್ತು ಹತ್ತು ಕಡ್ಡಿಗಳ ಕಟ್ಟು ಕಟ್ಟಿಸಿದರೆ ಒಂದು ಕಡೆ ಮೂರು ಕಟ್ಟು, ಎಂಟು ಬಿಡಿ. ಇನ್ನೊಂದು ಕಡೆ ನಾಲ್ಕು ಕಟ್ಟು, ಒಂದು ಬಿಡಿ. ಬಿಡಿಗಳು ಹತ್ತಾದೊಡನೆ ಕಟ್ಟಾಗುವುದರಿಂದ ಅವು ಒಂಬತ್ತನ್ನು ಮೀರುವುದಿಲ್ಲ. ಹೆಚ್ಚಿನ ಒಂದು ಕಟ್ಟನ್ನು ಬಿಡಿಗಳು ಎಂದಿಗೂ ಸರಿಗಟ್ಟಲಾರವು. ದಶಕಗಳನ್ನು ಮೊದಲು ಹೋಲಿಸುವುದಕ್ಕೆ ಇದೇ ಕಾರಣ. 43, 46ರಂತೆ ದಶಕಗಳು ಸಮವಾಗಿದ್ದಾಗ ಮಾತ್ರ ಏಕಕಗಳನ್ನು ನೋಡಬೇಕು.

ಅನಂತರ 52, 29, 25ರ ಚೀಟಿಗಳನ್ನು ಸಂಖ್ಯಾರೇಖೆಯ ಮೇಲೆ ಇಡಿಸಬೇಕು. ಎಡದಿಂದ ಬಲಕ್ಕೆ 25, 29, 52 ಎಂದು ಓದಿದರೆ ಏರಿಕೆಯ ಕ್ರಮ. ಬಲದಿಂದ ಎಡಕ್ಕೆ ಓದಿದರೆ ಇಳಿಕೆಯ ಕ್ರಮ. 30ರ ಹಿಂದಿನ ಮನೆಯಲ್ಲಿಯೇ 29 ಇರುವುದನ್ನು ಕಂಡ ಮಗುವಿಗೆ ‘ಏಕೋಣತೀಸ’ ಎಂದರೆ ಮೂವತ್ತಕ್ಕೆ ಒಂದು ಕಡಿಮೆ ಎಂಬ ಅರ್ಥವೂ ಹೊಳೆಯುತ್ತದೆ. < ಮತ್ತು > ಚಿಹ್ನೆಗಳನ್ನು ಈ ತಿಳಿವಳಿಕೆ ಮೂಡಿದ ಮೇಲೆಯೇ ಕಲಿಸುವುದು ಯುಕ್ತ.

ಉತ್ತರ ತಪ್ಪಾದಾಗ ಅದೇ ಸಂಖ್ಯೆಯನ್ನು ಕಡ್ಡಿಗಳಲ್ಲಿ ತೋರಿಸಲು ಹೇಳಬೇಕು. ‘ಪಂಚವೀಸ’ಕ್ಕೆ 52 ಎಂದು ಬರೆದ ಮಗು ಎರಡು ಕಟ್ಟು, ಐದು ಬಿಡಿಗಳನ್ನು ಇಟ್ಟರೆ, ಅದಕ್ಕೆ ಸಂಖ್ಯೆ ತಿಳಿದಿದೆ; ತೊಡಕಿರುವುದು ಬರವಣಿಗೆಯಲ್ಲಿ. ಅಂಥ ಮಗುವನ್ನು ಗಣಿತದಲ್ಲಿ ಹಿಂದುಳಿದಿದೆ ಎಂದು ಎಣಿಸುವುದು ಅನ್ಯಾಯವಾದೀತು. ಸಂತೆಯ ಮಾತನ್ನು ತಡೆಯದೆ, ಎರಡೂ ಹೆಸರುಗಳನ್ನು ಅದೇ ಕಟ್ಟುಗಳಿಗೆ ಜೋಡಿಸಿ ಹೇಳಿಸುವುದೇ ಸರಿಯಾದ ದಾರಿ.