ಕತ್ತಿನ ಕಪ್ಪು ಕೊಳೆಯಲ್ಲ

ಮಗುವಿನ ಕತ್ತಿನ ಹಿಂಭಾಗದಲ್ಲೋ ಕಂಕುಳಲ್ಲೋ ಮಖಮಲ್ಲಿನಂಥ ಕಪ್ಪು ಪಟ್ಟಿ ಮೂಡಿದರೆ ಮನೆಯವರು ಮೊದಲು ಅನುಮಾನಿಸುವುದು ಸ್ನಾನವನ್ನು. ಭಾನುವಾರ ಬೆಳಿಗ್ಗೆ ಬಚ್ಚಲಲ್ಲಿ ಕೂರಿಸಿ, ಕಡಲೆಹಿಟ್ಟು ಹಚ್ಚಿ, ನಿಂಬೆಹೋಳಿನಿಂದ ತಿಕ್ಕುತ್ತಾರೆ. ಹುಡುಗ ಉರಿ ಉರಿ ಎಂದು ಕೂಗುತ್ತಾನೆ, ಚರ್ಮ ಕೆಂಪಾಗುತ್ತದೆ, ಕಪ್ಪು ಮಾತ್ರ ಕದಲುವುದಿಲ್ಲ. ವೈದ್ಯರು ಅದನ್ನು ಅಕಾಂಥೋಸಿಸ್ ನೈಗ್ರಿಕನ್ಸ್ ಎನ್ನುತ್ತಾರೆ. ದಪ್ಪಗಿನ ಮಕ್ಕಳಲ್ಲಿ ಇದು ಬಹುಮಟ್ಟಿಗೆ ಇನ್ಸುಲಿನ್‌ಗೆ ಮೈ ಸ್ಪಂದಿಸುತ್ತಿಲ್ಲ ಎಂಬುದರ ಗುರುತು. ಸ್ಪಂದಿಸದ ಮೈಗಾಗಿ ಮೇದೋಜೀರಕ ಗ್ರಂಥಿ ಮತ್ತಷ್ಟು ಇನ್ಸುಲಿನ್ ಸುರಿಸುತ್ತದೆ. ಆ ಹೆಚ್ಚುವರಿ ಇನ್ಸುಲಿನ್‌ಗೆ ಚರ್ಮದ ಕೋಶಗಳು ಅತಿಯಾಗಿ ಬೆಳೆಯುತ್ತವೆ. ರಕ್ತದ ಸಕ್ಕರೆ ಆಗಿನ್ನೂ ಸರಿಯಾಗಿಯೇ ಇರಬಹುದು.

ಅಷ್ಟರಲ್ಲಿ ಒಳಗೆ ಬೇರೆ ಕೆಲಸಗಳು ಶುರುವಾಗಿರುತ್ತವೆ. ಯಕೃತ್ತಿನಲ್ಲಿ ಕೊಬ್ಬು ಕೂರುತ್ತದೆ, ಟ್ರೈಗ್ಲಿಸರೈಡ್ ಏರುತ್ತದೆ, ಒಳ್ಳೆಯ ಕೊಲೆಸ್ಟರಾಲ್ ಇಳಿಯುತ್ತದೆ, ಬಿ.ಪಿ. ಮೆಲ್ಲಗೆ ಮೇಲಕ್ಕೆ ಹೋಗುತ್ತದೆ. ಅಮೆರಿಕದ ಲೂಸಿಯಾನಾದ ಬೊಗಲೂಸಾ ಎಂಬ ಊರಿನಲ್ಲಿ 1973ರಿಂದ ಮಕ್ಕಳನ್ನು ಗಮನಿಸುತ್ತ ಬಂದ ಡಾ. ಜೆರಾಲ್ಡ್ ಬೆರೆನ್ಸನ್ ತಂಡ, ಅಪಘಾತದಂಥ ಕಾರಣಗಳಿಂದ ತೀರಿಕೊಂಡ ಚಿಕ್ಕವರ ರಕ್ತನಾಳಗಳನ್ನೂ ಪರೀಕ್ಷಿಸಿತು. ಕೊಬ್ಬಿನ ಗೆರೆಗಳು ಆಗಲೇ ಅಲ್ಲಿದ್ದವು. ತೂಕ, ಬಿ.ಪಿ., ಕೊಲೆಸ್ಟರಾಲ್ ಹೆಚ್ಚಿದ್ದಷ್ಟೂ ಗೆರೆಗಳೂ ಹೆಚ್ಚು. ಐವತ್ತರ ಹೃದಯಾಘಾತಕ್ಕೆ ಶಾಲೆಯ ವಯಸ್ಸಿನಲ್ಲೇ ಬುನಾದಿ ಬೀಳಬಹುದೆಂದು ಅದರಿಂದ ತಿಳಿಯಿತು.

ನಮ್ಮ ಕಥೆ ಇನ್ನೂ ಹಿಂದಿನಿಂದ ಶುರುವಾಗುತ್ತದೆ. ಅದಕ್ಕೆ ಸಾಕ್ಷಿ ಮೈಸೂರಿನಲ್ಲೇ ಇದೆ. ಊರಿನವರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. 1990ರ ದಶಕದಲ್ಲಿ ಸಂಶೋಧಕರು ಆ ದಾಖಲೆ ಹಿಡಿದು, ಅಲ್ಲಿ ಹುಟ್ಟಿ ಅದೇ ಸುತ್ತಮುತ್ತ ಬಾಳುತ್ತಿದ್ದ 517 ಜನರನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಗಿದವರಲ್ಲಿ ಶೇ 11 ಮಂದಿಗೆ ಹೃದ್ರೋಗವಿತ್ತು, 3.1 ಕಿಲೋ ದಾಟಿದ್ದವರಲ್ಲಿ ಶೇ 3 ಮಾತ್ರ. ಪುಣೆಯಲ್ಲಿ ಡಾ. ಚಿತ್ತರಂಜನ್ ಯಾಜ್ನಿಕ್ ಕಂಡದ್ದು ಇದಕ್ಕೆ ಕೂಡಿಕೊಳ್ಳುತ್ತದೆ: ನಮ್ಮ ನವಜಾತ ಶಿಶುಗಳು ಇಂಗ್ಲೆಂಡಿನ ಶಿಶುಗಳಿಗಿಂತ ಬಹಳ ಹಗುರ, ಆದರೆ ಸೊರಗಿರುವುದು ಹೆಚ್ಚಾಗಿ ಮಾಂಸಖಂಡ, ಕೊಬ್ಬು ಅಷ್ಟಾಗಿ ಕಡಿಮೆಯಾಗಿರುವುದಿಲ್ಲ. ದೆಹಲಿಯ ಇನ್ನೊಂದು ಅಧ್ಯಯನದಲ್ಲಿ, ಮೂವತ್ತರ ಆಸುಪಾಸಿನಲ್ಲಿ ಸಕ್ಕರೆ ಕಾಯಿಲೆಗೆ ಸಿಕ್ಕವರು ಎರಡನೇ ವಯಸ್ಸಿನಲ್ಲಿ ಸಣಕಲಾಗಿದ್ದು, ಆಮೇಲೆ ಬಿಡದೆ ಮೈ ಹಾಕಿದವರು.

ಮಿಷನ್ ಆಸ್ಪತ್ರೆಯಲ್ಲೇ 1997-98ರಲ್ಲಿ ಶುರುವಾದ ಪಾರ್ಥೆನಾನ್ ಅಧ್ಯಯನ ಇನ್ನೊಂದು ಮಗ್ಗುಲು ತೋರಿಸಿತು. ಬಸಿರಿನಲ್ಲಿ ಸಕ್ಕರೆ ಕಾಯಿಲೆ ಇದ್ದ ತಾಯಂದಿರ ಮಕ್ಕಳಿಗೆ ಒಂಬತ್ತೂವರೆ ವರ್ಷದ ಹೊತ್ತಿಗೆ ಕೊಬ್ಬೂ ಹೆಚ್ಚು, ಇನ್ಸುಲಿನ್ ಪ್ರತಿರೋಧವೂ ಹೆಚ್ಚು.

ಹಾಗಾಗಿ "ಹುಟ್ಟಿದಾಗ ಬರೀ ಎರಡು ಕಿಲೋ ಇದ್ದ, ಈಗ ನೋಡಿ ಹೇಗೆ ತುಂಬಿಕೊಂಡಿದ್ದಾನೆ" ಎಂದು ಅಜ್ಜಿ ಹಿಗ್ಗುವ ಮೊಮ್ಮಗನನ್ನೇ ನಾವು ಹೆಚ್ಚು ಗಮನಿಸಬೇಕು. ಅಜ್ಜಿಯ ಹಿಗ್ಗು ಸುಳ್ಳಲ್ಲ. ಬರ, ಬೇನೆಯಲ್ಲಿ ಬಡಕಲು ಕೂಸುಗಳನ್ನು ಕಳೆದುಕೊಂಡ ಕಾಲದ ಭಯ ಅದರಲ್ಲಿದೆ. ಆದರೆ ಕಣ್ಣಳತೆ ಸಾಲದು. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 2015ರಲ್ಲಿ ಕೊಟ್ಟ ಬೆಳವಣಿಗೆಯ ಪಟ್ಟಿಯಲ್ಲಿ ಅಧಿಕ ತೂಕದ ಗೆರೆ ವಯಸ್ಕರ 25ಕ್ಕಲ್ಲ, 23ರ ಬಿ.ಎಂ.ಐ.ಗೆ ಸಮನಾಗಿದೆ, ನಮ್ಮವರಿಗೆ ಅಪಾಯ ಬೇಗ ಎದುರಾಗುತ್ತದೆಂಬ ಕಾರಣಕ್ಕೆ. ಮನೆಯಲ್ಲಿ ದರ್ಜಿಯ ಟೇಪು ಸಾಕು: ಸೊಂಟದ ಸುತ್ತಳತೆ ಎತ್ತರದ ಅರ್ಧ ದಾಟಿದ್ದರೆ ವೈದ್ಯರಿಗೆ ತೋರಿಸಿ. ಮಗುವಿನ ತೋಳಿಗೆ ಹೊಂದುವ ಪಟ್ಟಿ ಕಟ್ಟಿ ಬಿ.ಪಿ. ನೋಡಲು ಹೇಳಿ.

ಇಲ್ಲಿ ಧೈರ್ಯ ತರುವ ಸಂಗತಿಯೂ ಇದೆ. ನಾಲ್ಕು ದೀರ್ಘ ಅಧ್ಯಯನಗಳ 6,328 ಜನರ ವಿವರ ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಬಾಲ್ಯದಲ್ಲಿ ದಪ್ಪಗಿದ್ದು ದೊಡ್ಡವರಾಗುವಷ್ಟರಲ್ಲಿ ಬೊಜ್ಜು ಕಳೆದುಕೊಂಡವರಿಗೆ ಸಕ್ಕರೆ ಕಾಯಿಲೆ, ಬಿ.ಪಿ.ಯ ಅಪಾಯ ಎಂದೂ ದಪ್ಪಗಿರದವರಷ್ಟೇ ಇತ್ತು. ಬೆಳೆಯುವ ಮಗುವಿಗೆ ಬಹಳ ಸಲ ತೂಕ ಇಳಿಸಬೇಕಾಗಿಯೂ ಇಲ್ಲ. ಏರದಂತೆ ತಡೆದರೆ ಎತ್ತರವೇ ಉಳಿದದ್ದನ್ನು ಸರಿಮಾಡುತ್ತದೆ. ಡುಮ್ಮ ಎಂದು ಹಂಗಿಸಿ ಒಬ್ಬನ ತಟ್ಟೆಯಿಂದ ಮಾತ್ರ ಅನ್ನ ತೆಗೆಯುವುದು ಕ್ರೌರ್ಯ. ಫ್ರಿಜ್ಜಿನ ತಂಪು ಪಾನೀಯ ನಿಲ್ಲುವುದಾದರೆ ಮನೆಮಂದಿಗೆಲ್ಲ ನಿಲ್ಲಲಿ.

ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಅತಿಯಾದ ತಿನಿಸು ಮಾರಬಾರದೆಂದು 2020ರಲ್ಲೇ ನಿಯಮವಾಗಿದೆ. ಮಕ್ಕಳು ದಿನಕ್ಕೆ ಅರವತ್ತು ನಿಮಿಷ ಮೈ ದಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪರೀಕ್ಷೆ ಹತ್ತಿರ ಬಂತೆಂದು ಪಿ.ಟಿ. ಪೀರಿಯಡ್ಡನ್ನು ಗಣಿತಕ್ಕೆ ಕೊಡುವ ಶಾಲೆಗಳಲ್ಲಿ ಆ ಅರವತ್ತು ನಿಮಿಷ ಎಲ್ಲಿಂದ ಬರುತ್ತದೆಂದು ಪೋಷಕರ ಸಭೆಯಲ್ಲಿ ಯಾರಾದರೂ ಎದ್ದು ಕೇಳಬೇಕು.