ಅಗ್ಗದ ಎಂಜಿನ್‌ಗೆ ಹುಬ್ಬಳ್ಳಿ ಬಣ್ಣ: ಮಾಡೆಲ್ ರೈಲು ಬಿಚ್ಚಿ, ಕೊರೆದು, ಪೇಂಟ್ ಮಾಡಿದ ಕಥೆ

ಇವತ್ತಿನ ಎಪಿಸೋಡ್ ಒಂದು 'ಗುಂಯ್' ಅನ್ನೋ ಸದ್ದಿನಿಂದ ಶುರುವಾಯ್ತು. ಕೇಳಿದವರಿಗೆ ಗೊತ್ತು, ಓದ್ತಾ ಇರೋರಿಗೆ ಹೇಳಿಬಿಡ್ತೀನಿ: ಅದು ನಮ್ಮ ಮನೆಯ ಊಟದ ಟೇಬಲ್ ಮೇಲೆ ಓಡ್ತಾ ಇರೋ ಒಂದು ಪುಟ್ಟ ಡೀಸೆಲ್ ಎಂಜಿನ್. ಉದ್ದ 24 ಸೆಂಟಿಮೀಟರ್. ನನ್ನ ಕೈಗೆ ಬಂದಾಗ ಅದರ ಮೈಮೇಲೆ ಅಮೆರಿಕದ ಸಾಂಟಾ ಫೆ ರೈಲ್ವೆಯ ನೀಲಿ-ಹಳದಿ ಬಣ್ಣ ಇತ್ತು. ಈಗ ಕಿತ್ತಳೆ ಮೈ, ಕ್ರೀಮ್ ಪಟ್ಟಿ, ಪಕ್ಕದಲ್ಲಿ ಹುಬ್ಬಳ್ಳಿಯ ಮೂರು ಅಕ್ಷರ, 'ಯುಬಿಎಲ್'.

ಅಗ್ಗದ ಮಾಡೆಲ್ ಎಂಜಿನ್ ತಗೊಂಡು ಅದರ ರೂಪ, ಬಣ್ಣ ಎರಡನ್ನೂ ಬದಲಾಯಿಸೋದು ಹೇಗೆ ಅನ್ನೋದೇ ಇವತ್ತಿನ ವಿಷಯ. ನಾನು ಬಿ.ಕಾಂ. ಓದಿದವನು, ಎಂಜಿನಿಯರ್ ಅಲ್ಲ. ನಮ್ಮಪ್ಪ ಗೂಡ್ಸ್ ರೈಲಿನ ಡ್ರೈವರ್ ಆಗಿದ್ರು, ಹುಬ್ಬಳ್ಳಿಯಿಂದ ಕ್ಯಾಸಲ್‌ರಾಕ್, ಅಲ್ಲಿಂದ ಘಾಟ್ ಇಳಿದು ಕುಳೆಂವರೆಗೆ. ರಿಟೈರ್ ಆದಮೇಲೆ ಮನೇಲಿ ಮಾತು ಕಡಿಮೆ ಮಾಡಿಬಿಟ್ರು. ಕೆಲಸದ ಬಗ್ಗೆ ಕೇಳಿದ್ರೆ "ಏನಿರ್ತದ, ಗಾಡಿ ಹೊಡದ್ವಿ, ಬಂದ್ವಿ" ಅಷ್ಟೇ. ಹುಟ್ಟುಹಬ್ಬಕ್ಕೆ ಶರ್ಟ್ ಕೊಟ್ಟು ಕೊಟ್ಟು ಸಾಕಾಗಿತ್ತು. ಅವರು ಓಡಿಸಿದ ಎಂಜಿನ್ ಒಂದು ಕೊಡೋಣ ಅನ್ನಿಸ್ತು.

ಹುಡುಕಿದ್ರೆ, ನಮ್ಮ ರೈಲ್ವೆ ಎಂಜಿನ್‌ಗಳ ಒಳ್ಳೆ ಮಾಡೆಲ್‌ಗಳು ನನ್ನ ಬಜೆಟ್‌ಗೆ ಸಿಗೋ ಮಾತೇ ಅಲ್ಲ. ಆಗ ಗೊತ್ತಾಗಿದ್ದು ಈ ಹವ್ಯಾಸದಲ್ಲಿ ಒಂದು ಹಳೇ ದಾರಿ ಇದೆ ಅಂತ. ಬ್ರಿಟನ್, ಅಮೆರಿಕದಲ್ಲಿ ಜನ ದಶಕಗಳಿಂದ ಇದನ್ನೇ ಮಾಡಿದ್ದಾರೆ: ಸೆಕೆಂಡ್‌ಹ್ಯಾಂಡ್‌ನಲ್ಲಿ ಅಗ್ಗದ ಎಂಜಿನ್ ತಗೋ, ಬೇಕಾದ ಎಂಜಿನ್ ಥರ ಮಾಡಿಕೋ. ಇಟಲಿಯಲ್ಲಿ ಲೀಮಾ ಅಂತ ಕಂಪನಿ ಇತ್ತು, 2004ರಲ್ಲಿ ಅದರ ಆಸ್ತಿಯನ್ನ ಹಾರ್ನ್‌ಬಿ ಕೊಂಡುಕೊಂಡಿತು. ಲೀಮಾ ಎಂಜಿನ್‌ಗಳ ಬಾಡಿ ಚೆನ್ನಾಗಿರ್ತಿತ್ತು, ಮೋಟಾರ್ ಮಾತ್ರ ಕಾಫಿ ಗ್ರೈಂಡರ್ ಥರ ಅರಚೋದು. ಬ್ರಿಟನ್‌ನ ಹವ್ಯಾಸಿಗಳು ಏನು ಮಾಡಿದ್ರು ಗೊತ್ತಾ? ಕೆಟ್ಟುಹೋದ ಸಿ.ಡಿ. ಪ್ಲೇಯರ್ ಬಿಚ್ಚಿ, ಅದರೊಳಗಿನ ಪುಟ್ಟ ಮೋಟಾರ್ ತೆಗೆದು ಲೀಮಾ ಒಳಗೆ ಕೂರಿಸಿದ್ರು. ಓಡಿತು, ಅದೂ ಮೆತ್ತಗೆ! ನಮ್ಮ ಎಸ್.ಪಿ. ರೋಡ್ ಬುದ್ಧಿ ಅಂದ್ರೆ ಇದೇ ಅಲ್ವಾ?

ಸ್ವಲ್ಪ ಲೆಕ್ಕ ನೋಡೋಣ. ನನ್ನದು ಎಚ್‌ಒ ಸ್ಕೇಲ್, ಅಂದ್ರೆ ನಿಜದ 87ನೇ ಒಂದು ಭಾಗ. ಹಳಿಗಳ ನಡುವೆ 16.5 ಮಿಲಿಮೀಟರ್. ಇದು ಯುರೋಪ್-ಅಮೆರಿಕದ 1435 ಮಿ.ಮೀ. ಹಳಿಗೆ ಸರಿಹೊಂದುತ್ತೆ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ., ಅದನ್ನ 87ರಿಂದ ಭಾಗಿಸಿದ್ರೆ 19 ಚಿಲ್ಲರೆ ಬರುತ್ತೆ. ಅಂದ್ರೆ ಅಂಗಡಿಯಲ್ಲಿ ಸಿಗೋ ಹಳಿ ಮೇಲೆ ನಿಂತ ಭಾರತದ ಎಂಜಿನ್ ಯಾವಾಗಲೂ ಹೆಚ್ಚುಕಮ್ಮಿ 3 ಮಿಲಿಮೀಟರ್ ಸುಳ್ಳು ಹೇಳ್ತಿರುತ್ತೆ. ಹೇಳ್ಲಿ ಬಿಡಿ. ಇನ್ನೊಂದು ಲೆಕ್ಕ ತಮಾಷೆಗೆ: 2023ರಲ್ಲಿ ಉದ್ಘಾಟನೆಯಾದ ಹುಬ್ಬಳ್ಳಿಯ ಆ ಉದ್ದದ ಪ್ಲಾಟ್‌ಫಾರ್ಮ್ 1507 ಮೀಟರ್. ನನ್ನ ಸ್ಕೇಲ್‌ನಲ್ಲಿ ಅದು 17 ಮೀಟರ್ ದಾಟುತ್ತೆ. ನಮ್ಮ ಬಾಡಿಗೆ ಮನೆ ಅಷ್ಟುದ್ದ ಇಲ್ಲ.

ಅಪ್ಪ ಓಡಿಸ್ತಿದ್ದದ್ದು ಡಬ್ಲ್ಯುಡಿಜಿ-4, 4000 ಹಾರ್ಸ್‌ಪವರ್‌ನ ಗೂಡ್ಸ್ ಎಂಜಿನ್. ಇದರ ಮೂಲ ವಿನ್ಯಾಸ ಅಮೆರಿಕದ ಇಎಂಡಿ ಕಂಪನಿಯದು. ಮೊದಲ ಕೆಲವು ಅಲ್ಲಿಂದಲೇ ಬಂದವು, ಆಮೇಲೆ ವಾರಾಣಸಿಯ ಕಾರ್ಖಾನೆಯಲ್ಲಿ ತಯಾರಾದವು. ನಾನು ತಗೊಂಡ ಮಾಡೆಲ್ ಎಸ್‌ಡಿ40-2, ಅದೂ ಇಎಂಡಿಯದೇ, 1972ರ ವಿನ್ಯಾಸ. ಒಂದೇ ಮನೆತನ, ಬೇರೆ ಬೇರೆ ತಲೆಮಾರು. ಎರಡಕ್ಕೂ ಮೂರು-ಮೂರು ಆಕ್ಸಲ್‌ನ ಎರಡು ಬೋಗಿ, ಉದ್ದವೂ ಹತ್ತತ್ತಿರ 21 ಮೀಟರ್. ಯಾವುದೋ ಅಗ್ಗದ ನಾಲ್ಕು ಆಕ್ಸಲ್ ಎಂಜಿನ್ ಎತ್ಕೊಂಡಿದ್ರೆ ಎಷ್ಟೇ ಬಣ್ಣ ಬಳಿದ್ರೂ ಅದು ಇದಾಗ್ತಿರಲಿಲ್ಲ. ಹೀಗಾಗಿ ಎಂಜಿನ್ ಆರಿಸುವಾಗ ಬಣ್ಣ ನೋಡಬೇಡಿ. ಚಕ್ರ ಎಣಿಸಿ, ಉದ್ದ ಅಳೆಯಿರಿ. ಬಣ್ಣ ಬದಲಾಗುತ್ತೆ, ಬೋಗಿ ಬದಲಾಗಲ್ಲ.

ಕ್ಯಾಬ್ ಆಕಾರ, ಛಾವಣಿಯ ಫ್ಯಾನ್‌ಗಳು ಬೇರೆ ಅಂತ ತಿಳಿದವರು ಹಿಡೀತಾರೆ. ಹವ್ಯಾಸಿಗಳಲ್ಲಿ 'ಮೂರಡಿ ನಿಯಮ' ಅಂತ ಇದೆ: ಮೂರಡಿ ದೂರದಿಂದ ಸರಿ ಕಂಡ್ರೆ ಸರಿ. ನಾನು ಆ ಪಕ್ಷದವನು.

ಈಗ ನನ್ನ ಮೂರ್ಖತನಕ್ಕೆ ಬರೋಣ. ಸೆಕೆಂಡ್‌ಹ್ಯಾಂಡ್ ಎಂಜಿನ್‌ಗೆ 2,800 ರೂಪಾಯಿ ಕೊಟ್ಟಿದ್ದೆ. ಹಳೇ ಬಣ್ಣ ತೆಗೀಬೇಕಿತ್ತು. ತಂಗಿಯ ನೇಲ್ ಪಾಲಿಶ್ ರಿಮೂವರ್ ಕಣ್ಣಿಗೆ ಬಿತ್ತು. ಉಗುರಿನ ಬಣ್ಣ ತೆಗೆಯುತ್ತೆ ಅಂದಮೇಲೆ ಇದನ್ನೂ ತೆಗೆಯುತ್ತೆ ಅಂತ ಹತ್ತಿಯಲ್ಲಿ ಅದ್ದಿ ಉಜ್ಜಿದೆ. ತೆಗೀತು. ಬಣ್ಣದ ಜೊತೆ ಬಾಗಿಲು, ರಿವೆಟ್, ಜಾಲರಿ ಎಲ್ಲವನ್ನೂ ತೆಗೀತು. ಎರಡು ನಿಮಿಷಕ್ಕೆ ಒಂದು ಪಕ್ಕ ಪೂರ್ತಿ ಹಿಂದಿನ ದಿನದ ದೋಸೆ ಹಿಟ್ಟಿನ ಥರ ಅಂಟಂಟು. ಅದರೊಳಗೆ ಅಸಿಟೋನ್ ಇತ್ತು. ಈ ಬಾಡಿಗಳು ಪಾಲಿಸ್ಟೈರೀನ್ ಅಥವಾ ಎಬಿಎಸ್ ಪ್ಲಾಸ್ಟಿಕ್‌ನವು, ಅಸಿಟೋನ್ ಎರಡನ್ನೂ ಕರಗಿಸುತ್ತೆ. ಹಾರ್ಡ್‌ವೇರ್ ಅಂಗಡಿಯ ಥಿನ್ನರ್ ಕೂಡ ಅದೇ ಕೆಲಸ ಮಾಡುತ್ತೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಕಾಮರ್ಸ್‌ನಲ್ಲಿ 'ಸಂಕ್ ಕಾಸ್ಟ್' ಅಂತ ಪಾಠ ಇದೆ: ಹೋದ ದುಡ್ಡು ಹೋಯ್ತು, ಮುಂದಿನ ನಿರ್ಧಾರಕ್ಕೆ ಅದನ್ನ ಎಳೆದು ತರಬೇಡ ಅಂತ. ಪರೀಕ್ಷೆಯಲ್ಲಿ ಐದು ಮಾರ್ಕ್ಸ್‌ಗೆ ಬರೆದಿದ್ದೆ, ಅರ್ಥ ಆಗಿದ್ದು ಅವತ್ತು. ಆದ್ರೆ ಒಂದು ವಿಷಯ ಗಮನಿಸಿ. ಇದೇ ಎಂಜಿನ್ ಇಪ್ಪತ್ತು ಸಾವಿರದ್ದಾಗಿದ್ರೆ ನಾನು ಅದನ್ನ ಮುಟ್ಟೋ ಧೈರ್ಯವನ್ನೇ ಮಾಡ್ತಿರಲಿಲ್ಲ, ಗಾಜಿನ ಕಪಾಟಿನಲ್ಲಿ ಇಟ್ಟು ಸಲಾಂ ಹೊಡೀತಿದ್ದೆ. ಅಗ್ಗದ್ದಾದ್ದರಿಂದ ತಿಂಗಳ ಸಂಬಳ ಬಂದಮೇಲೆ ಇನ್ನೊಂದು ತಗೊಂಡೆ. ಕರಗಿದ ಬಾಡಿ ಈಗ ನನ್ನ ಪ್ರಯೋಗದ ಪ್ರಾಣಿ. ಯಾವ ಹೊಸ ಬಣ್ಣ, ಯಾವ ಹೊಸ ಅಂಟು ಬಂದ್ರೂ ಮೊದಲು ಅದರ ಮೇಲೆ.

ಎರಡನೇ ಸಲ ಸರಿಯಾಗಿ ಮಾಡಿದೆ. ಬಾಡಿಯನ್ನ ಚಾಸಿಯಿಂದ ಬೇರ್ಪಡಿಸಿ, ಕಿಟಕಿ ಗಾಜು, ಬಲ್ಬ್ ಎಲ್ಲ ತೆಗೆದಿಟ್ಟೆ. ಮೆಡಿಕಲ್ ಸಾಮಾನಿನ ಅಂಗಡಿಯಲ್ಲಿ ಸಿಗೋ ಐಸೊಪ್ರೊಪೈಲ್ ಆಲ್ಕೋಹಾಲ್‌ನ ಮೊದಲು ಬಾಡಿಯ ಒಳಮೈಗೆ ಒಂದು ಹನಿ ಹಚ್ಚಿ ನೋಡಿದೆ. ಪ್ಲಾಸ್ಟಿಕ್ ಮೆತ್ತಗಾಗಲಿಲ್ಲ. ಆಮೇಲೆ ಮುಚ್ಚಳದ ಡಬ್ಬಿಯಲ್ಲಿ ಕೆಲವು ಗಂಟೆ ನೆನೆಸಿ, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿದೆ. ನೀಲಿ-ಹಳದಿ ಸಿಪ್ಪೆ ಥರ ಎದ್ದು ಬಂತು. ಕಿಟಕಿ ತೆಗೆದಿಡಿ, ಗ್ಲೌಸ್ ಹಾಕಿ. ಇದು ಬೇಗ ಬೆಂಕಿ ಹಿಡಿಯೋ ದ್ರವ, ದೇವರ ದೀಪ, ಗ್ಯಾಸ್ ಸ್ಟವ್ ಹತ್ತಿರ ಬೇಡವೇ ಬೇಡ. ಕೊನೆಗೆ ಪಾತ್ರೆ ತೊಳೆಯೋ ಲಿಕ್ವಿಡ್‌ನಲ್ಲಿ ತೊಳೆದು ಒಣಗಿಸಿದೆ. ಬೆರಳಿನ ಎಣ್ಣೆ ಉಳಿದ್ರೂ ಬಣ್ಣ ಕಚ್ಚಲ್ಲ.

ನಂತರ ಕೊರೆಯೋ ಕೆಲಸ. ಅಮೆರಿಕದ ಎಂಜಿನ್ ಮೇಲೆ ಗಂಟೆ ಇರುತ್ತೆ, ಅದನ್ನ ಕತ್ತರಿಸಿ ಸ್ಯಾಂಡ್‌ಪೇಪರ್ ಹೊಡೆದೆ. ಅವರ ಎಂಜಿನ್‌ಗೆ ಪಕ್ಕದ ಬಫರ್ ಇರಲ್ಲ, ನಮ್ಮದಕ್ಕೆ ಮುಂದೆ ಎರಡು, ಹಿಂದೆ ಎರಡು ಬೇಕೇ ಬೇಕು. ಬಾಲ್‌ಪೆನ್ ರೀಫಿಲ್‌ನ ಖಾಲಿ ನಳಿಗೆ ತುಂಡು ಮಾಡಿ, ತುದಿಗೆ ಪಂಚಿಂಗ್ ಮೆಷಿನ್‌ನಿಂದ ತೆಗೆದ ಪ್ಲಾಸ್ಟಿಕ್ ಬಿಲ್ಲೆ ಅಂಟಿಸಿದೆ. ನಾಲ್ಕು ಬಫರ್‌ಗೆ ಖರ್ಚು ಸೊನ್ನೆ. ಇಡೀ ಪ್ರಾಜೆಕ್ಟ್‌ನಲ್ಲಿ ನನಗೆ ಅತಿ ಹೆಮ್ಮೆ ಇರೋದು ಇದರ ಮೇಲೆ. ಬಫರ್ ಬಂದ ತಕ್ಷಣ ಆ ಮುಖ ಅಮೆರಿಕದ್ದಾಗಿ ಉಳಿಯಲಿಲ್ಲ.

ಬಣ್ಣದಲ್ಲಿ ಒಂದೇ ದೊಡ್ಡ ಸೂತ್ರ: ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಕಿತ್ತಳೆ, ಹಳದಿ, ಕೆಂಪು ಬಣ್ಣಗಳು ಕೆಳಗಿನದ್ದನ್ನ ಸರಿಯಾಗಿ ಮುಚ್ಚಲ್ಲ, ಹಾಗಾಗಿ ಪ್ರೈಮರ್ ಕೂಡ ತಿಳಿಯದೇ ಇರಲಿ. ನಾನು ಮೊದಲು ಪ್ರೈಮರ್, ಆಮೇಲೆ ಇಡೀ ಬಾಡಿಗೆ ಕ್ರೀಮ್ ಹೊಡೆದೆ. ಒಣಗಿದ ಮೇಲೆ ಪಟ್ಟಿ ಬರಬೇಕಾದ ಜಾಗಕ್ಕೆ ಮಾಸ್ಕಿಂಗ್ ಟೇಪ್. ಇಲ್ಲಿ ಒಂದು ಟ್ರಿಕ್ ಇದೆ. ಟೇಪ್ ಅಂಟಿಸಿದ ಮೇಲೆ ನೇರ ಕಿತ್ತಳೆ ಹೊಡೆದ್ರೆ ಅದು ಅಂಚಿನಡಿ ನುಸುಳಿ ಪಟ್ಟಿ ಹಲ್ಲುಹಲ್ಲಾಗುತ್ತೆ. ಹಾಗಾಗಿ ಟೇಪ್ ಅಂಚಿನ ಮೇಲೆ ಮತ್ತೊಮ್ಮೆ ತೆಳ್ಳಗೆ ಕ್ರೀಮ್ ಹೊಡೀಬೇಕು. ನುಸುಳೋದಿದ್ರೆ ಕ್ರೀಮೇ ನುಸುಳಿ ಸಂದು ಮುಚ್ಚುತ್ತೆ, ಆಮೇಲೆ ಬರೋ ಕಿತ್ತಳೆಗೆ ದಾರಿ ಇರಲ್ಲ. ಸ್ಪ್ರೇ ಕ್ಯಾನ್ ಒಂದು ಗೇಣು ದೂರ, ಕೈ ನಿಲ್ಲಿಸದೆ, ಮೂರು-ನಾಲ್ಕು ತೆಳು ಕೋಟ್. ಒಂದೇ ಸಲ ದಪ್ಪಗೆ ಹೊಡೆದ್ರೆ ಬಣ್ಣ ಇಳಿಯುತ್ತೆ, ರಿವೆಟ್‌ಗಳು ಮುಳುಗುತ್ತವೆ. ಮಾಸ್ಕ್ ಹಾಕಿ, ಟೆರೇಸ್ ಮೇಲೆ ಮಾಡಿ, ಮಳೆ ದಿನ ಮಾತ್ರ ಬೇಡ. ಗಾಳಿಯಲ್ಲಿ ತೇವ ಜಾಸ್ತಿ ಇದ್ರೆ ಬಣ್ಣದ ಮೇಲೆ ಬಿಳಿ ಮಂಜು ಕೂರುತ್ತೆ. ಜುಲೈ ಪೂರ್ತಿ ನಾನು ಸುಮ್ಮನೆ ಕೂತಿದ್ದೆ.

ಯಾವ ಬಣ್ಣ ಅನ್ನೋದಕ್ಕೆ ಫೋಟೋನೇ ಆಧಾರ ಇಟ್ಕೊಳ್ಳಿ. ನಮ್ಮಲ್ಲಿ ಒಂದೇ ಮಾದರಿಯ ಎಂಜಿನ್ ಶೆಡ್‌ನಿಂದ ಶೆಡ್‌ಗೆ, ವರ್ಷದಿಂದ ವರ್ಷಕ್ಕೆ ಬೇರೆ ಬಣ್ಣದಲ್ಲಿ ಓಡಾಡಿದೆ. ನಾನು ಅಪ್ಪನ ಹಳೇ ಫೋನ್‌ನಲ್ಲಿದ್ದ ಒಂದು ಫೋಟೋ ನೋಡ್ಕೊಂಡು ಮಾಡಿದೆ.

ನಂಬರ್, ಅಕ್ಷರಗಳಿಗೆ ನೀರಿನಲ್ಲಿ ನೆನೆಸಿ ಜಾರಿಸೋ ಡಿಕಾಲ್ ಹಾಳೆ ಬರುತ್ತೆ. ಇಂಕ್‌ಜೆಟ್‌ನಲ್ಲಿ ಪ್ರಿಂಟ್ ಮಾಡಿದ್ರೆ ನೀರಿಗೆ ಹಾಕೋ ಮುಂಚೆ ಮೇಲೆ ವಾರ್ನಿಶ್ ಹೊಡೀಬೇಕು, ಇಲ್ಲಾಂದ್ರೆ ಶಾಯಿ ಕದಡಿಹೋಗುತ್ತೆ. ಮನೆ ಪ್ರಿಂಟರ್ ಬಿಳಿ ಬಣ್ಣ ಪ್ರಿಂಟ್ ಮಾಡಲ್ಲ ಅನ್ನೋದೂ ನೆನಪಿರಲಿ. ಡಿಕಾಲ್ ಕೂರಿಸೋ ಜಾಗ ಹೊಳಪಾಗಿರಬೇಕು. ಒರಟು ಮೇಲ್ಮೈ ಆದ್ರೆ ಕೆಳಗೆ ಗಾಳಿ ಸಿಕ್ಕಿಕೊಂಡು ಬೆಳ್ಳಿ ಥರ ಮಿನುಗುತ್ತೆ. ಮೊದಲು ಗ್ಲಾಸ್ ಕೋಟ್, ಆಮೇಲೆ ಡಿಕಾಲ್, ಕೊನೆಗೆ ಮ್ಯಾಟ್.

ಎಲ್ಲ ಜೋಡಿಸಿ ಹಳಿ ಮೇಲಿಟ್ಟೆ. ಓಡಲಿಲ್ಲ! ಹತ್ತು ನಿಮಿಷ ವೈರ್ ತಡಕಾಡಿದ ಮೇಲೆ ಗೊತ್ತಾಯ್ತು: ಚಂದ ಕಾಣಲಿ ಅಂತ ಚಕ್ರಕ್ಕೂ ಬಣ್ಣ ಬಳಿದಿದ್ದೆ. ಈ ಎಂಜಿನ್‌ಗೆ 12 ವೋಲ್ಟ್ ಕರೆಂಟ್ ಬರೋದೇ ಹಳಿಯಿಂದ ಚಕ್ರದ ಮೂಲಕ. ಹಳಿಗೆ ತಾಗೋ ಅಂಚನ್ನ ಉಜ್ಜಿ ಲೋಹ ಕಾಣಿಸಿದ ಮೇಲೆ ಗುಂಯ್ ಅಂತು.

ಅಪ್ಪನಿಗೆ ಕೊಟ್ಟೆ. ಕನ್ನಡಕ ಹಾಕ್ಕೊಂಡು, ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ್ರು. ನಾನು ಕಣ್ಣೀರು, ಅಪ್ಪುಗೆ ಏನೋ ನಿರೀಕ್ಷೆ ಮಾಡ್ತಿದ್ದೆ. ಅವರಂದಿದ್ದು: "ಇಷ್ಟು ಸ್ವಚ್ಛ ಎಂಜಿನ್ ನಾ ಎಂದೂ ನೋಡಿಲ್ಲಪಾ."

ಮಾಡೆಲ್ ಭಾಷೆಯಲ್ಲಿ ಇದಕ್ಕೆ 'ವೆದರಿಂಗ್' ಅಂತಾರೆ, ಹೊಸ ಬಣ್ಣಕ್ಕೆ ಬೇಕಂತಲೇ ಕೊಳೆ ಹಚ್ಚೋದು. ನಾನು ಅದನ್ನ ಹೆದರಿ ಬಿಟ್ಟಿದ್ದೆ. ಅಪ್ಪ ಟೇಬಲ್ ಮುಂದೆ ಕೂತು ಎರಡು ಸಂಜೆ ಹೇಳಿಕೊಟ್ರು. ನೀರು ಮಾಡಿದ ಕಪ್ಪು-ಕಂದು ಬಣ್ಣ, ಕೆರೆದ ಚಾಕ್ ಪುಡಿ, ಹಳೇ ಬ್ರಷ್. ಎಕ್ಸಾಸ್ಟ್ ಮಸಿ ಬರೀ ಛಾವಣಿ ಮೇಲೆ ಅಲ್ಲ, ಮಳೆ ನೀರಿನ ಜೊತೆ ಪಕ್ಕಕ್ಕೆ ಗೆರೆಗೆರೆಯಾಗಿ ಇಳೀತದ. ಡೀಸೆಲ್ ತುಂಬೋ ಬಾಯಿ ಕೆಳಗೆ ಒಂದು ಹೊಳೆಯೋ ಕಲೆ. ಬೋಗಿ ಪೂರ್ತಿ ಬ್ರೇಕ್ ಬ್ಲಾಕ್‌ನ ತುಕ್ಕು ಬಣ್ಣದ ಪುಡಿ. ಚಕ್ರದ ಹತ್ತಿರ ಮಣ್ಣುಬಣ್ಣ ಯಾಕೆ ಅಂತ ಕೇಳಿದೆ. ಘಾಟ್‌ನಲ್ಲಿ 37 ಅಡಿ ಮುಂದೆ ಹೋದ್ರೆ ಒಂದಡಿ ಏರು, ಮಳೆಯಲ್ಲಿ ಚಕ್ರ ಜಾರ್ತದ, ಹಿಡಿತಕ್ಕೆ ಹಳಿ ಮೇಲೆ ಮರಳು ಬಿಡ್ತೇವಿ, ಆ ಮರಳಿನ ಧೂಳು ಅದು ಅಂದ್ರು. ಗೋವಾ ಬಂದರಿನಿಂದ ಕಲ್ಲಿದ್ದಲು ಹೊತ್ತ ಗಾಡಿ ಮೇಲೆ ಹತ್ತಿಸುವಾಗ ಹಿಂದೆಯೂ ಎಂಜಿನ್ ಕಟ್ಟಿ ದೂಡೋದು, ರಾತ್ರಿ ದೂಧ್‌ಸಾಗರದ ಹತ್ತಿರ ಜಲಪಾತ ಕಾಣದೇ ಬರೀ ಸದ್ದು ಕೇಳೋದು, ಸುರಂಗದೊಳಗೆ ಹೊಗೆ ಕ್ಯಾಬ್ ತುಂಬೋದು. ನನಗೆ ಇಪ್ಪತ್ತೆಂಟು ವರ್ಷ, ಇದ್ಯಾವುದೂ ನಾನು ಕೇಳಿರಲಿಲ್ಲ. ಈ ಎಪಿಸೋಡ್‌ನಲ್ಲಿ ಹಿಂದೆ ಕೇಳಿಸೋ ಕೆಮ್ಮು ಅವರದ್ದೇ, ಎಡಿಟ್ ಮಾಡಿಲ್ಲ.

ಲೆಕ್ಕ ಕೇಳೋರಿಗೆ: ಎರಡು ಎಂಜಿನ್, ಪ್ರೈಮರ್, ಎರಡು ಬಣ್ಣ, ವಾರ್ನಿಶ್, ಟೇಪ್, ಡಿಕಾಲ್ ಎಲ್ಲ ಸೇರಿ ನನಗೆ 7,400 ರೂಪಾಯಿ ಬಿತ್ತು. ನೇಲ್ ಪಾಲಿಶ್ ರಿಮೂವರ್ ಮುಟ್ಟದಿದ್ರೆ 4,600ಕ್ಕೆ ಮುಗೀತಿತ್ತು.

ಎಂಜಿನ್ ಈಗ ಟಿ.ವಿ. ಪಕ್ಕ ಇದೆ. ಒಂದೇ ಕ್ಯಾಬ್ ಇರೋ ಎಂಜಿನ್ ಆದ್ದರಿಂದ ನಾನು ಕ್ಯಾಬ್ ಮುಂದೆ ಬರೋ ಹಾಗೆ ಇಡ್ತೀನಿ, ಅದೇ ಚಂದ. ಬೆಳಿಗ್ಗೆ ಎದ್ದು ನೋಡಿದ್ರೆ ಉಲ್ಟಾ ಆಗಿರುತ್ತೆ, ಉದ್ದನೆಯ ಮೂತಿ ಮುಂದೆ. ತಂಗಿ ಇರಬೇಕು ಅಂದ್ಕೊಂಡಿದ್ದೆ. ಮೊನ್ನೆ ಅಪ್ಪನನ್ನ ಹಿಡಿದುಬಿಟ್ಟೆ. "ಅರ್ಧ ಸರ್ವಿಸ್ ಹಿಂಗ ಹೊಡದೀನಿ," ಅಂದ್ರು, "ಸಿಗ್ನಲ್ ಕಾಣ್ಲಿಕ್ಕೆ ಕಿಡಕ್ಯಾಗಿಂದ ಕುತ್ತಿಗಿ ಹೊರಗ ಹಾಕಿ." ನಾನು ಮತ್ತೆ ತಿರುಗಿಸಲು ಹೋಗಿಲ್ಲ.